ಕೋಲ್ಡ್ ಸ್ಟೋರ್ ಹಿಂದೆ ಕಾರು ಹತ್ತಿದವರು

ಇದು ನಡೆದದ್ದೇ. ಕಟ್ಟುಕಥೆಯಾಗಿದ್ದರೆ ಅದರಲ್ಲಿ ನನ್ನನ್ನು ಇಷ್ಟೊಂದು ದಡ್ಡನಾಗಿ ತೋರಿಸಿಕೊಳ್ಳುತ್ತಿರಲಿಲ್ಲ. ಒಬ್ಬ ಹೆಂಗಸಿನ ಬದುಕು ನನ್ನ ಕೈಯಲ್ಲಿದ್ದ ರಾತ್ರಿ ನಾನು ಬಹ್ರೇನಿನ ತಪ್ಪು ತುದಿಗೆ ಹೋಗಿ ನಿಂತಿದ್ದೆ. ಅದಕ್ಕೆ ಕಾರಣ 'ಕೋಲ್ಡ್ ಸ್ಟೋರ್' ಎನ್ನುವ ಒಂದು ಮಾತು.

ಮಲ್ಪೆಯಲ್ಲಿ ಹುಟ್ಟಿದವನಿಗೆ ಕೋಲ್ಡ್ ಸ್ಟೋರ್ ಎಂದರೆ ಮೀನು ಇಡುವ ಗೋದಾಮು. ಆಮೇಲೆ ಸೌದಿಯ ದಮ್ಮಾಮಿನಲ್ಲಿ ಡ್ರೈವರ್ ಆಗಿದ್ದೆ. ಅಲ್ಲಿ ಬೀದಿಬದಿಯ ಸಣ್ಣ ಅಂಗಡಿಗೆ ಬಕಾಲ ಅನ್ನುತ್ತಾರೆ. ಹಾಲು, ಖುಬೂಸು ರೊಟ್ಟಿ, ಸಿಗರೇಟು ಮಾರುವ ಅದೇ ಅಂಗಡಿ ಬಹ್ರೇನಿನಲ್ಲಿ ಕೋಲ್ಡ್ ಸ್ಟೋರ್ ಆಗುತ್ತದೆಂದು ಹೊಸದಾಗಿ ಬಂದ ನನಗೆ ಯಾರೂ ಹೇಳಿರಲಿಲ್ಲ. ಬೋರ್ಡು ಓದುವ ಅಭ್ಯಾಸವಂತೂ ನನಗೆ ಮೊದಲಿಂದಲೂ ಇಲ್ಲ.

ಸೆಗಯಾದಲ್ಲಿ ನನ್ನ ರೂಮಿನಲ್ಲಿದ್ದ ಹಮೀದಾಕ ಉಳ್ಳಾಲದವರು, ಹಳೇ ಡ್ರೈವರ್. ಅವರು, ಅವರಂಥ ಇನ್ನು ಕೆಲವರು ಸೇರಿ ಗುಟ್ಟಾಗಿ ಒಂದು ಕೆಲಸ ಮಾಡುತ್ತಿದ್ದರು. ಪಾಸ್‌ಪೋರ್ಟ್ ಕಿತ್ತುಕೊಂಡು, ಸಂಬಳ ಕೊಡದೆ, ಬೀಗ ಹಾಕಿ ಗುಲಾಮರಂತೆ ದುಡಿಸುವ ಮನೆಗಳಿಂದ ಕೆಲಸದ ಹೆಂಗಸರನ್ನು ದಾಟಿಸುವುದು. ಒಬ್ಬರು ಸುದ್ದಿ ತರುತ್ತಾರೆ, ಇನ್ನೊಬ್ಬರು ಕಾರು ತರುತ್ತಾರೆ, ಮತ್ತೊಬ್ಬರ ಮನೆಯಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಎಂಬಸಿ.

ಆ ದಿನ ಹಮೀದಾಕನಿಗೆ ಜ್ವರ. ನಾನು ಹೊರಗಿದ್ದಾಗ ಫೋನ್ ಬಂತು.

"ಆಂಧ್ರದವಳೊಬ್ಳು. ಮನೆಯವ್ರು ಮದುವೆಗೆ ಹೋಗಿದ್ದಾರೆ, ಈಗ ಹೊರಗೆ ಬರ್ತಾಳೆ. ಅವ್ರು ವಾಪಸ್ ಬಂದ್ರೆ ಮುಗೀತು, ಮತ್ತೆ ಅವಳನ್ನ ಹೊರಗೆ ಬಿಡ್ಲಿಕ್ಕಿಲ್ಲ. ನೀನು ಹೋಗ್ತೀಯಾ?"

"ಎಲ್ಲಿಗೆ ಕಾಕ?"

ಫೋನಿನಲ್ಲಿ ಊರಿನ ಹೆಸರು ಹೇಳುವುದು ಅವರ ಪದ್ಧತಿಯಲ್ಲ. "ಮೊನ್ನೆ ನಾವಿಬ್ರು ನಿಂತಿದ್ದೆವಲ್ಲ, ಆ ಕೋಲ್ಡ್ ಸ್ಟೋರ್ ಹಿಂದೆ. ಹೆಸ್ರು ಕೇಳ್ಬೇಡ. ತಿರುಗಿ ನೋಡ್ಬೇಡ, ಮೊದ್ಲೇ ಹೆದರಿರ್ತಾರೆ. ಮತ್ತೆ ನಿನ್ನ ಜೋಕು... ಬೇಡ ಮಾರಾಯ."

ಮೊನ್ನೆ ನಾವು ನಿಂತದ್ದು ಎರಡು ಕಡೆ. ರಿಫಾದ ಅಂಗಡಿಯಲ್ಲಿ ಜ್ಯೂಸ್ ಕುಡಿಯಲು, ಕಡಲಬದಿಯ ಹಿದ್‌ನ ಮೀನಿನ ಗೋದಾಮಿನಲ್ಲಿ ಸಾಮಾನು ಇಳಿಸಲು. ನಾನು ದೊಡ್ಡ ಹೀರೋನಂತೆ ಹಿದ್ ಕಡೆ ಕಾರು ಹೊಡೆದೆ.

ಗೋದಾಮಿನ ಹಿಂದೆ ಮನುಷ್ಯರ ಸುಳಿವಿಲ್ಲ. ದೊಡ್ಡ ಮೋಟಾರುಗಳು ಗುಂಯ್‌ಗುಡುತ್ತಿದ್ದವು. ಲೈಟು ಆರಿಸಿದೆ. ಯಾಕೋ, ಗೋದಾಮಿನ ಮೋಟಾರುಗಳೂ ನಿಂತವು...

ಹಿಂದಿನ ಬಾಗಿಲು ತೆರೆಯಿತು. ಸೀಟು ಮೆಲ್ಲಗೆ ಕಿರುಗುಟ್ಟಿತು. ಬಾಗಿಲು ಮುಚ್ಚಿತು.

ತಿರುಗಿ ನೋಡಬಾರದಲ್ಲ, ನೋಡಲಿಲ್ಲ. ಕಾರಿನ ತುಂಬ ವಾಸನೆ... ಪಾಚಿ, ಉಪ್ಪು, ಒದ್ದೆ ಗೋಣಿ. ಪಾಪ, ಎಲ್ಲಿ ಅಡಗಿ ಕೂತಿದ್ದಳೋ ಅಂದುಕೊಂಡೆ. "ಏಸಿ ಕಮ್ಮಿ ಮಾಡ್ಲಾ ಬೆಹನ್?" ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಉಸಿರು ಮಾತ್ರ ಕೇಳಿಸುತ್ತಿತ್ತು. ತುಂಬ ಹೊತ್ತು ಬಿಗಿಹಿಡಿದು, ನೀರಿನಿಂದ ಮೇಲೆ ಬಂದವರಂತೆ ಒಮ್ಮೆಲೇ ಬಿಡುವ ಉಸಿರು.

ಸೇತುವೆಯ ಮೇಲೆ ಹಮೀದಾಕನ ಫೋನ್. "ಎಲ್ಲಿ ಸತ್ತಿದ್ದಿ?"

"ಹತ್ತಿಸ್ಕೊಂಡೆ ಕಾಕ. ಹಿದ್ ಬಿಟ್ಟಾಯ್ತು."

ಪದ್ಧತಿ ಮರೆತು ಅವರೇ ಊರಿನ ಹೆಸರು ಹೇಳಿದರು. "ಹಿದ್ದಾ? ಅವಳು ರಿಫಾದಲ್ಲಿ ನಿಂತಿದ್ದಾಳಲ್ಲ. ಈಗಷ್ಟೇ ಅಂಗಡಿಯವನ ಫೋನಿಂದ ಮಾತಾಡಿದ್ಲು."

"ಹಾಗಾದ್ರೆ ನನ್ನ ಹಿಂದೆ ಕೂತದ್ದು..."

ಕನ್ನಡಿಯಲ್ಲಿ ನೋಡಿದೆ. ಸೀಟು ಖಾಲಿ. ಬಿಗಿಹಿಡಿದು ಬಿಡುವ ಆ ಉಸಿರು ಮಾತ್ರ ಈಗಲೂ ಕೇಳುತ್ತಿತ್ತು. ನನ್ನದಲ್ಲ. ನನ್ನದು ನಾಯಿಯಂತೆ ಹೊರಗೆ ಬರುತ್ತಿತ್ತು.

ಕಾರು ಬಿಟ್ಟು ಓಡುವವನೇ. ಆದರೆ ರಿಫಾದಲ್ಲಿ ಒಬ್ಬಳು ಗೋಡೆಗೆ ಒರಗಿ ಕಾಯುತ್ತಿದ್ದಳು. ಗೊತ್ತಿದ್ದ ಪ್ರಾರ್ಥನೆಗಳನ್ನೆಲ್ಲ ಕಲಸಿ ಹೇಳಿಕೊಂಡು ಓಡಿಸಿದೆ.

ಅಂಗಡಿ ಹಿಂದೆ ಅವಳು ಒಂದು ಪ್ಲಾಸ್ಟಿಕ್ ಚೀಲ ಹಿಡಿದು ನಿಂತಿದ್ದಳು. ಕಿಟಕಿ ಇಳಿಸಿದೆ. ಹೆದರಿಕೆಗೆ ನನ್ನ ಬಾಯಿಂದ ಬಂದದ್ದು ತುಳು, "ಬಲೆ, ಬಲೆ". ಬಾ ಎಂದದ್ದು ಅವಳಿಗೇನು ಗೊತ್ತು? ಬೆವರು ಸುರಿಸುತ್ತಾ, ಕಣ್ಣು ಹೊರಗೆ ಹಾಕಿಕೊಂಡು ಒಬ್ಬನೇ ಕೂತ ಗಂಡಸು ಏನೋ ಕೂಗುತ್ತಿದ್ದಾನೆ. ಅವಳು ಹಿಂದೆ ಸರಿದಳು.

ಬೀದಿಯ ತುದಿಯಲ್ಲಿ ಒಂದು ದೊಡ್ಡ ಕಾರಿನ ಬೆಳಕು ತಿರುಗಿತು. ಮದುವೆಗೆ ಹೋದವರು ಬಂದರೆಂದು ಅವಳಿಗೆ ಗೊತ್ತಾಯಿತು. ವಾಪಸ್ ಮನೆಯ ಕಡೆಗೇ ಹೆಜ್ಜೆ ಇಟ್ಟಳು.

ಟಕ್.

ನನ್ನ ಹಿಂದಿನ ಬಾಗಿಲು ತೆರೆದುಕೊಂಡಿತು. ಅವಳು ನನ್ನನ್ನು ನೋಡಲಿಲ್ಲ, ಹಿಂದಿನ ಸೀಟನ್ನು ನೋಡಿದಳು. ಮುಖ ಸಡಿಲವಾಯಿತು. ಓಡಿ ಬಂದು ಹತ್ತಿದಳು. ದೊಡ್ಡ ಕಾರು ನಮ್ಮ ಪಕ್ಕದಲ್ಲೇ ಹಾದು ಅವಳು ಬಿಟ್ಟು ಬಂದ ಗೇಟಿನ ಮುಂದೆ ನಿಂತಾಗ ನಾವು ತಿರುವು ದಾಟಿದ್ದೆವು.

ದಾರಿಯುದ್ದಕ್ಕೂ ಹಿಂದೆ ಪಿಸುಮಾತು. ಅವಳು ದೇವರ ನಾಮ ಹೇಳುತ್ತಿದ್ದಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸೆಗಯಾದಲ್ಲಿ ಕಾಯುತ್ತಿದ್ದ, ರಾತ್ರಿ ಉಳಿಸಿಕೊಳ್ಳುವ ಮಂಗಳೂರಿನ ಬಾಯಮ್ಮ ಅವಳನ್ನು ಮೇಲೆ ಕರೆದುಕೊಂಡು ಹೋದರು. ನಾನು ಕಾರು ಲಾಕ್ ಮಾಡಿ ಓಡಿದೆ. ಒಂದು ಚಪ್ಪಲಿ ಬಿಟ್ಟುಹೋಯಿತು, ತರಲು ಹೋಗಲಿಲ್ಲ.

ಈಗಲೂ ಎಲ್ಲಿ ಕಾರು ನಿಲ್ಲಿಸಿದರೂ ಹಿಂದಿನ ಬಾಗಿಲು ತೆರೆದು, ಸ್ವಲ್ಪ ಹೊತ್ತು ಪಕ್ಕಕ್ಕೆ ಸರಿದು ನಿಲ್ಲುತ್ತೇನೆ. ನಮ್ಮ ವಾಚ್‌ಮ್ಯಾನ್ ನನಗೆ ಸಲಾಂ ಹೇಳುವುದನ್ನೇ ಬಿಟ್ಟಿದ್ದಾನೆ.

ಈ ಅಭ್ಯಾಸ ಶುರುವಾದದ್ದು ಆ ಹೆಂಗಸು ಊರು ತಲುಪಿ ಹಮೀದಾಕನಿಗೆ ಫೋನ್ ಮಾಡಿದ ದಿನದಿಂದ.

"ನಿನ್ನ ಮುಖ ನೋಡಿ ಅವಳು ಹತ್ತುವವಳೇ ಅಲ್ವಂತೆ," ಎಂದರು ಅವರು. "ಒಳಗಿದ್ದ ಅಕ್ಕ ಬಾಗಿಲು ತೆಗೆದು ಕೈ ಹಿಡ್ಕೊಂಡ್ಳಂತೆ, ಅದ್ಕೇ ಹತ್ತಿದ್ದು. ಆ ಅಕ್ಕ ದಾರಿಯಲ್ಲೆಲ್ಲ ಒಂದೇ ಕೇಳ್ತಿದ್ಲಂತೆ, ನನ್ನನ್ನೂ ಇಳಿಸ್ತಾರಾ ಅಂತ."

ಆಮೇಲೆ ಕಾರಿನ ಕೀ ಕಡೆ ನೋಡಿದರು.

"ನೀನು ಆ ರಾತ್ರಿ ಕಾರು ಲಾಕ್ ಮಾಡಿ ಬಂದಿ ಅಲ್ವಾ ಮಾರಾಯ."