ಹೀಟರ್‌ಗೆ ಸಿಕ್ಕಿದ ತಂತಿ

ವಾಷಿಂಗ್ ಮಷೀನ್ ನೀರು ಬಿಸಿ ಮಾಡುವುದನ್ನು ನಿಲ್ಲಿಸಿದೆ ಎಂದು ಮೊದಲು ಕಂಡುಹಿಡಿದವರು ಆಂಟಿ, ಅದೂ ಮೂಗಿನಿಂದ. ಒಂದು ಬೆಳಿಗ್ಗೆ ಅಡುಗೆಮನೆಯ ಟವೆಲನ್ನು ನನ್ನ ಮುಖದ ಹತ್ತಿರ ಹಿಡಿದು, “ನೋಡು, ಎಂತ ವಾಸನೆ ಬರ್ತದೆ ಅಂತ. ನಿನ್ನೆ ಒಗೆದದ್ದು ಇದು,” ಎಂದರು.

ಅದು ಹೊರದೇಶದಲ್ಲಿ, ಮುಕಿಲ್ಟಿಯೊ ಎಂಬ ಊರಿನಲ್ಲಿದ್ದ ಅವರ ಮನೆ. ಮೇಲೆ ಅಂಕಲ್ ಮತ್ತು ಆಂಟಿ, ಕೆಳಗಿನ ಅಂತಸ್ತಿನಲ್ಲಿ ಬಾಡಿಗೆಗೆ ನಾನು. ಇಬ್ಬರೂ ಉಡುಪಿ ಕಡೆಯವರು. ಅಂಕಲ್ ಇಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ವಿಮಾನದ ಬಿಡಿಭಾಗಗಳ ಎಂಜಿನಿಯರ್ ಆಗಿದ್ದು ನಿವೃತ್ತರಾಗಿದ್ದರು. ನನ್ನದೂ ಹೆಚ್ಚುಕಡಿಮೆ ಅದೇ ಕೆಲಸ, ಆದರೆ ನಾನು ಮಾಡುವುದೆಲ್ಲ ಪರದೆಯ ಮೇಲೆ. ಯಾವ ಭಾಗ ಎಷ್ಟು ಬಿಸಿಯಾಗುತ್ತದೆ ಎಂದು ಲೆಕ್ಕ ಹಾಕಿ, ಕೆಂಪು ನೀಲಿ ಬಣ್ಣದ ಚಿತ್ರ ಬರೆದು ಕಳಿಸುವುದು. ಸ್ಪ್ಯಾನರ್ ಹಿಡಿದು ಏನನ್ನಾದರೂ ಬಿಚ್ಚಿದ್ದು ಕಾಲೇಜಿನ ಲ್ಯಾಬ್‌ನಲ್ಲೇ ಕೊನೆ.

ಮಷೀನ್ ನನ್ನ ಕೋಣೆಯ ಪಕ್ಕದಲ್ಲಿತ್ತು, ಎಲ್ಲರಿಗೂ ಒಂದೇ. ನಲ್ಲಿಯಲ್ಲಿ ಬರುವ ನೀರಿನ ಬಿಸಿ ಆಂಟಿಗೆ ಸಾಲದು, ಆದ್ದರಿಂದ ಒಳಗೇ ಹೀಟರ್ ಇರುವ ಮಷೀನನ್ನು ಹುಡುಕಿ ತಂದಿದ್ದರು. ನನ್ನ ಬಟ್ಟೆಗಳನ್ನು ನಾನು ಒಗೆಯುತ್ತಿದ್ದದ್ದು ಅವರಿಬ್ಬರೂ ಸಂಜೆ ಫೆರಿ ದೋಣಿ ನಿಲ್ಲುವ ಕಡೆ ವಾಕಿಂಗ್ ಹೋದಾಗ ಮಾತ್ರ. ನೀನು ಯಾವಾಗ ಬೇಕಾದರೂ ಹಾಕು ಎಂದು ಆಂಟಿ ಎಷ್ಟೋ ಸಲ ಹೇಳಿದ್ದರು. ನನ್ನಿಂದಾಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಒಳಉಡುಪುಗಳನ್ನು ಹಗ್ಗಕ್ಕೆ ಹಾಕಿ ಅದರ ಮೇಲೊಂದು ಟವೆಲ್ ಹೊದೆಸುವುದು ಪದ್ಧತಿ. ಅಪ್ಪ, ಅಣ್ಣ, ಹಾಲಿನವನು, ಯಾರಿಗೂ ಕಾಣಬಾರದು. ಬಿಸಿಲು ತಾಗದೆ ಅವು ಯಾವತ್ತೂ ಪೂರ್ತಿ ಒಣಗುತ್ತಿರಲಿಲ್ಲ. ಅರೆಬರೆ ಒಣಗಿದ್ದನ್ನೇ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ಎರಡು ಡಿಗ್ರಿ, ಒಂದು ಕೆಲಸ, ಬೇರೆ ದೇಶ, ಇಷ್ಟೆಲ್ಲ ಆದಮೇಲೂ ನಾನು ಮಷೀನಿನ ಪಕ್ಕ ಕೂತು, ಮೇಲೆ ಬಾಗಿಲ ಸದ್ದಾಗುತ್ತದೇನೋ ಎಂದು ಕಿವಿಗೊಟ್ಟುಕೊಂಡೇ ಬಟ್ಟೆ ಒಗೆಯುತ್ತಿದ್ದೆ.

ಆ ಅವಸರದಲ್ಲೇ ಒಂದು ಸಂಜೆ ಜಾಲರಿ ಚೀಲಕ್ಕೆ ಹಾಕದೆ ಎಲ್ಲವನ್ನೂ ಒಟ್ಟಿಗೆ ತುರುಕಿದ್ದೆ. ತೆಗೆದಾಗ ಒಂದು ಬ್ರಾದ ಅಂಚು ಹರಿದಿತ್ತು. ಕೆಲವುಗಳ ಅಂಚಿನೊಳಗೆ ಆಕಾರ ನಿಲ್ಲಲೆಂದು ಅರ್ಧಚಂದ್ರದಂತೆ ಬಾಗಿದ ಸ್ಟೀಲಿನ ತಂತಿ ಇರುತ್ತದೆ. ಒಂದು ಬದಿಯದು ಇರಲಿಲ್ಲ. ಡ್ರಮ್ ತಿರುಗಿಸಿ, ಬಾಗಿಲ ರಬ್ಬರ್ ಮಡಿಕೆಯೊಳಗೆ ಬೆರಳಾಡಿಸಿ ಹುಡುಕಿದೆ. ಸಿಗಲಿಲ್ಲ. ನೀರಿನ ಜೊತೆ ಹೋಗಿರಬೇಕು ಎಂದುಕೊಂಡೆ. ಅಷ್ಟುದ್ದದ ತಂತಿ ನೀರಿನ ಜೊತೆ ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಹರಿದದ್ದನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದೆ.

ಅದಾಗಿ ಮೂರು ವಾರಕ್ಕೆ ಟವೆಲ್ ನಾರತೊಡಗಿತು.

ಆಂಟಿ ರಿಪೇರಿಯವರನ್ನು ಕರೆಸೋಣ ಎಂದರು. ಅಂಕಲ್ ಕೇಳಲಿಲ್ಲ. ಅವರ ಗರಾಜ್‌ನಲ್ಲಿ ಕಾರಿಗೆ ಜಾಗವಿರಲಿಲ್ಲ. ಒಂದು ಗೋಡೆಯ ತುಂಬ ಕೊಕ್ಕೆಗಳು, ಒಂದೊಂದಕ್ಕೂ ಒಂದೊಂದು ಉಪಕರಣ. ಬೆಳಿಗ್ಗೆ ತಿಂಡಿಯಾದ ಮೇಲೆ ಅಲ್ಲಿಗೆ ಹೋದರೆ ಊಟಕ್ಕೇ ಬರುತ್ತಿದ್ದದ್ದು. ಅಕ್ಕಪಕ್ಕದವರ ಟೋಸ್ಟರ್, ದೇವಸ್ಥಾನದ ಮೈಕು, ಎಲ್ಲವೂ ಅಲ್ಲಿಗೇ ಬರುತ್ತಿದ್ದವು. ಆದರೆ ಎರಡು ತಿಂಗಳ ಹಿಂದೆ ಅವರು ಬೆಸುಗೆ ಹಾಕುವ ಕಡ್ಡಿಯನ್ನು ಆರಿಸದೆ ಊಟಕ್ಕೆ ಬಂದದ್ದರಿಂದ ಅಲ್ಲಿನ ಮೇಜಿನ ಮೂಲೆ ಸುಟ್ಟು ಕರಿಯಾಗಿತ್ತು. ಎಜುಕೇಶನ್ ಹಿಲ್ ಎಂಬ ಬಡಾವಣೆಯಲ್ಲಿರುವ ಅವರ ಮಗಳು ಅಂದೇ ಓಡಿಬಂದಿದ್ದಳು. ಆಂಟಿ ಅಂಕಲ್‌ಗೆ ಕನ್ನಡದಲ್ಲಿ ಬೈದದ್ದಕ್ಕೆ ಆಕೆ ಇಂಗ್ಲಿಷಿನಲ್ಲಿ ಹೂಂಗುಟ್ಟಿದ್ದಳು. ಕೊನೆಗೆ ಆಂಟಿ ತೀರ್ಮಾನ ಹೇಳಿದ್ದರು, “ಇನ್ನೊಂದು ಸಲ ಹೀಗೆಂತಾದ್ರೂ ಆದ್ರೆ ಗರಾಜಿನ ಸಾಮಾನು ಪೂರ್ತಿ ಯಾರಿಗಾದ್ರೂ ಕೊಡುದೇ. ಮತ್ತೆ ಮಾತಿಲ್ಲ.”

ಶನಿವಾರ ಬೆಳಿಗ್ಗೆ ಅಂಕಲ್ ನನ್ನನ್ನೂ ಕೂರಿಸಿಕೊಂಡರು. ಪ್ಲಗ್ ಕಿತ್ತು, ನಲ್ಲಿ ಮುಚ್ಚಿ, ಮಷೀನನ್ನು ಮುಂದಕ್ಕೆ ಎಳೆದು, ಹಿಂಬದಿಯ ತಗಡು ಬಿಚ್ಚಿದೆವು. ಡ್ರಮ್ಮಿನ ಅಡಿಯಲ್ಲಿ ಹೀಟರ್‌ನ ಎರಡು ತುದಿಗಳು ಕಂಡವು. ವೈರು ಕಳಚುವ ಮೊದಲು ಫೋನಿನಲ್ಲಿ ಚಿತ್ರ ತೆಗೆಯಲು ಹೇಳಿದರು. ವಿದ್ಯುತ್ ಅಳೆಯುವ ಮಲ್ಟಿಮೀಟರನ್ನು ನನ್ನ ಕೈಗೆ ಕೊಟ್ಟು ಆ ಎರಡು ತುದಿಗಳಿಗೆ ಹಿಡಿಸಿದರು.

“ಎಂತ ತೋರಿಸ್ತದೆ?”

“ಏನೂ ಇಲ್ಲ ಅಂಕಲ್. ಓಪನ್ ಅಂತಿದೆ.”

“ಹತ್ತು ಹದಿನೈದು ಓಮ್ ಬರ್ಬೇಕಿತ್ತು. ಒಳಗೆ ತುಂಡಾಗಿದೆ. ನಿಮ್ಮ ಆಫೀಸಲ್ಲಾದ್ರೆ ಎಂತ ಮಾಡ್ತೀರಿ ಈಗ?”

“ಮೀಟಿಂಗ್ ಕರೀತೀವಿ.”

ಅವರು ನಕ್ಕರು. “ಹೌದೌದು. ಕಂಪ್ಯೂಟರಲ್ಲಿ ನೀರು ಬೇಗ ಕಾಯ್ತದೆ. ಸಾಬೂನೂ ಬೇಡ.”

ನಡುವಿನ ನಟ್ಟನ್ನು ಸಡಿಲಿಸಿ ಒಳಕ್ಕೆ ಒತ್ತಿದರೆ ರಬ್ಬರ್ ಬಿಡುತ್ತದೆ, ಆಗ ಹೀಟರನ್ನು ಅಲುಗಿಸುತ್ತ ಎಳೆಯಬೇಕು. ಅವಸರ ಮಾಡಬಾರದು ಎಂದು ತೋರಿಸಿಕೊಟ್ಟು ಎಳೆಯಲು ನನಗೇ ಬಿಟ್ಟರು. ಬಂತು. ಅದರ ಜೊತೆಗೇ, ಅದಕ್ಕೆ ತೊಡರಿಕೊಂಡು, ತಂತಿಯೂ ಬಂತು.

ಬಾಗು ಹೋಗಿ ನೆಟ್ಟಗಾಗಿತ್ತು. ಮೈತುಂಬ ಕೊಳೆ ಹತ್ತಿ ಕಪ್ಪಾಗಿತ್ತು. ಅದು ಉಜ್ಜಿ ಉಜ್ಜಿ ಹೀಟರ್‌ನ ಹೊರಕವಚ ತೂತಾಗಿತ್ತು. ತುದಿಯಲ್ಲಿ ಬಿಳಿಯ ಪ್ಲಾಸ್ಟಿಕ್ ಟೊಪ್ಪಿ ಇನ್ನೂ ಇತ್ತು. ನೋಡಿದ ಕ್ಷಣವೇ ನನಗೆ ಗೊತ್ತಾಯಿತು.

ಅಂಕಲ್ ಅದನ್ನು ಬೆಳಕಿಗೆ ಹಿಡಿದರು. ಆಗಲೇ ಆಂಟಿ ಚಹಾ ತಂದರು.

“ಎಂತದು ಅದು?”

“ತಂತಿ.”

“ತಂತಿ ಅಂತ ನಂಗೂ ಕಾಣ್ತದೆ. ಎಲ್ಲಿಂದ ಬಂತು ಅಂತ ಕೇಳಿದ್ದು. ನಿಮ್ಮ ಕಿಸೆಯಿಂದಲೇ ಮಾರಾಯ್ರೆ. ಮತ್ತೆ ಯಾರು ಪ್ಯಾಂಟಲ್ಲಿ ಕಬ್ಬಿಣ ಇಟ್ಕೊಂಡು ತಿರುಗುದು ಈ ಮನೆಯಲ್ಲಿ?”

ಅಂಕಲ್ ನನ್ನ ಕಡೆ ತಿರುಗಿದರು. ಅನುಮಾನದಿಂದಲ್ಲ, ಎಂಜಿನಿಯರ್ ಎಲ್ಲ ಸಾಧ್ಯತೆಯನ್ನೂ ಕೇಳುವ ರೀತಿಯಲ್ಲಿ. “ನಿಂದೆಂತಾದ್ರೂ ಉಂಟಾ ಇಂಥದ್ದು? ಕ್ಲಿಪ್ಪೋ ಎಂತದೋ?”

“ಇಲ್ಲ ಅಂಕಲ್,” ಎಂದೆ.

ಹತ್ತಿಯ ರವಿಕೆ, ಹತ್ತಿಯ ಬಾಡಿ ತೊಡುವ ಆಂಟಿ ಅಂಥ ತಂತಿಯನ್ನು ಕಂಡಿರಲಿಕ್ಕಿಲ್ಲ. ಅವರು ಚಹಾ ಕೊಟ್ಟು ಹೋದ ಮೇಲೆ ಅಂಕಲ್‌ಗೆ ಹೇಳಬಹುದಿತ್ತು. ಅಥವಾ ಸಂಜೆ ಮೇಲೆ ಹೋಗಿ ಆಂಟಿಯೊಬ್ಬರಿಗೇ ಪಿಸುಗುಟ್ಟಬಹುದಿತ್ತು. ನಾನು ಲೋಟ ಕೈಗೆತ್ತಿಕೊಂಡು ಚಹಾ ಕುಡಿದೆ. ಅಂಕಲ್ ತಮ್ಮ ಬೆರಳುಗಳಲ್ಲಿ ಆ ತಂತಿಯನ್ನು ಒರೆಸುತ್ತಿದ್ದರು. ಅದನ್ನು ನೋಡಲಾಗದೆ ತಲೆ ತಗ್ಗಿಸಿದ್ದು ಬಿಟ್ಟರೆ ಮತ್ತೇನೂ ಮಾಡಲಿಲ್ಲ.

ಹೊಸ ಹೀಟರ್ ನಾಲ್ಕು ದಿನಕ್ಕೆ ಬಂತು. ಅಂಕಲ್ ಒಬ್ಬರೇ ಕೂರಿಸಿದರು. ಬಾಗಿಲ ಗಾಜು ಬೆಚ್ಚಗಾದದ್ದನ್ನು ನನ್ನಿಂದ ಮುಟ್ಟಿ ನೋಡಿಸಿದರು. ಟವೆಲಿನ ವಾಸನೆ ಹೋಯಿತು. ಆಂಟಿ ಮಾತ್ರ ಬಿಡಲಿಲ್ಲ. ಸಿಟ್ಟಿನಿಂದಲ್ಲ, ಹೆದರಿಕೆಯಿಂದ. “ಮೊನ್ನೆ ಮೇಜು, ಇವತ್ತು ಮಷೀನು. ನಾಳೆ ಮನೆಗೇ ಬೆಂಕಿ ಬಿದ್ರೆ?” ಎಂದರು. ಅಂಕಲ್ ಜಗಳವಾಡುತ್ತಾರೆ ಎಂದು ನಾನು ಕಾದೆ. ಆಡಿದರೆ ನನ್ನ ಮೇಲಿನ ಭಾರ ಸ್ವಲ್ಪ ಕಡಿಮೆಯಾಗುತ್ತಿತ್ತು. ಅವರು ಆಡಲಿಲ್ಲ.

ಬದಲಿಗೆ ಅವರು ಹುಡುಕತೊಡಗಿದರು. ಕಳೆದ ವರ್ಷದಿಂದ ತಾವು ರಿಪೇರಿ ಮಾಡಿದ ವಸ್ತುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಒಂದೊಂದರಲ್ಲೂ ಈ ತಂತಿ ಎಲ್ಲಿದ್ದಿರಬಹುದು ಎಂದು ಯೋಚಿಸುವುದು, ಅಲ್ಲವೆಂದಾದರೆ ಆ ಸಾಲಿಗೆ ಗೀಟು ಹಾಕುವುದು. ನಾನು ಆಫೀಸಿನಿಂದ ಬಂದಾಗ ಕೆಲವೊಮ್ಮೆ ಮೆಟ್ಟಿಲ ಬಳಿ ತಡೆದು ಕೇಳುತ್ತಿದ್ದರು.

“ಚಪ್ಪಟೆ ಸ್ಟೀಲು. ತುದಿಗೆ ಟೊಪ್ಪಿ. ಇದನ್ನು ನಾನು ಎಂತಕ್ಕೆ ತಂದದ್ದು ಹೇಳು. ಗೋಡೆಗಡಿಯಾರದ್ದು ಅಲ್ಲ. ಛತ್ರಿಯದ್ದೂ ಅಲ್ಲ, ಅದರ ಕಡ್ಡಿ ಬೇರೆ.”

“ಗೊತ್ತಾಗ್ತಿಲ್ಲ ಅಂಕಲ್.”

“ಮರೆತದ್ದಾದ್ರೆ ಸ್ವಲ್ಪವಾದ್ರೂ ನೆನಪು ಉಳಿಬೇಕಲ್ಲ. ಇದರದ್ದು ಪೂರ್ತಿ ಖಾಲಿ. ಅದೇ ನಂಗೆ ಹೆದರಿಕೆ.”

ಇಲ್ಲದ ನೆನಪನ್ನು ಅವರು ಹುಡುಕುತ್ತಿದ್ದರು. ಸಿಗದಿದ್ದಷ್ಟೂ ತಮ್ಮ ತಲೆಯ ಮೇಲಿನ ಅವರ ನಂಬಿಕೆಯೇ ಹೋಗುತ್ತಿತ್ತು. ನಾನು ಅವರ ಎದುರು ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು ನಿಂತು, ನಾನೂ ಯೋಚಿಸುತ್ತಿದ್ದೇನೆ ಎಂಬಂತೆ ಹುಬ್ಬು ಗಂಟಿಕ್ಕುತ್ತಿದ್ದೆ. ಈಗ ನೆನೆದರೆ ಸುಳ್ಳಿಗಿಂತ ಆ ಹುಬ್ಬೇ ನನ್ನನ್ನು ಹೆಚ್ಚು ಕುಗ್ಗಿಸುತ್ತದೆ.

ನಾಲ್ಕನೆಯ ವಾರ ಅವರೇ ಆಂಟಿಗೆ ಹೇಳಿದರು, “ನೀನು ಹೇಳುದು ಸರಿ. ಕೊಟ್ಟುಬಿಡುವ.” ಉಪಕರಣಗಳನ್ನು ಎರವಲು ಕೊಡುವ ಒಂದು ಸಂಘದವರು ಮುಂದಿನ ಶನಿವಾರ ಬಂದು ಒಯ್ಯುವುದೆಂದಾಯಿತು. ಪೆಟ್ಟಿಗೆ ಕಟ್ಟಲು ನಾನು ಸಹಾಯ ಮಾಡಿದೆ. ಹೌದು, ಅದನ್ನೂ ಮಾಡಿದೆ. ಏಳು ಪೆಟ್ಟಿಗೆ. ನನ್ನ ಅಕ್ಷರ ಚೆನ್ನಾಗಿದೆ ಎಂದು ಚೀಟಿ ಬರೆಯುವ ಕೆಲಸ ನನಗೆ ಕೊಟ್ಟರು. ಸ್ಪ್ಯಾನರ್, ದೊಡ್ಡದು. ಸ್ಪ್ಯಾನರ್, ಸಣ್ಣದು. ಇಕ್ಕಳ. ಒಂದೊಂದನ್ನೂ ಕೊಕ್ಕೆಯಿಂದ ತೆಗೆದು ಹಳೆಯ ಬನಿಯನ್ನಿನಿಂದ ಒರೆಸಿ ಅಂಕಲ್ ನನ್ನ ಕೈಗೆ ಕೊಡುತ್ತಿದ್ದರು.

ಗುರುವಾರ ಸಂಜೆ ನಾನು ಬಂದಾಗ ಅವರು ಊಟದ ಮೇಜಿನ ಬಳಿ ಕೂತು ಆ ತಂತಿಯನ್ನು ಟಿಶ್ಯೂ ಕಾಗದದಲ್ಲಿ ಮಡಿಸುತ್ತಿದ್ದರು.

“ಸೋಮವಾರ ಡಾಕ್ಟರ ಹತ್ರ ಹೋಗ್ಲಿಕ್ಕುಂಟು. ನೆನಪಿನ ಪರೀಕ್ಷೆ ಮಾಡ್ತಾರಂತೆ,” ಎಂದರು. “ಇದನ್ನು ತಗೊಂಡು ಹೋಗ್ತೇನೆ. ಬಾಯಲ್ಲಿ ಹೇಳಿದ್ರೆ ಅವರಿಗೆ ಅರ್ಥ ಆಗ್ಲಿಕ್ಕಿಲ್ಲ.”

ಡಾಕ್ಟರ ಮೇಜಿನ ಮೇಲೆ ಅವರು ಆ ಪೊಟ್ಟಣ ಬಿಚ್ಚುವುದು ನನ್ನ ಕಣ್ಣಿಗೆ ಕಟ್ಟಿತು. ಅಲ್ಲಿ ಯಾರೋ ಒಬ್ಬ ನರ್ಸ್ ಅದೇನೆಂದು ಒಂದೇ ನೋಟಕ್ಕೆ ಗುರುತಿಸುತ್ತಾಳೆ. ನಿಜವಾಗಿ ಹೇಳಬೇಕೆಂದರೆ ನನ್ನ ಬಾಯಿ ತೆರೆಸಿದ್ದು ಅವರ ಮೇಲಿನ ಕರುಣೆ ಮಾತ್ರವಲ್ಲ, ಸಿಕ್ಕಿಬೀಳುವ ಭಯವೂ ಹೌದು.

“ಅಂಕಲ್, ಅದು ನಂದು.”

“ಎಂತದು?”

“ಆ ತಂತಿ. ನನ್ನ ಬಟ್ಟೇದು. ಒಳಗೆ ಹಾಕ್ಕೊಳೋ ಬಟ್ಟೇದು.”

ಅರ್ಥವಾಗಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಪೊಟ್ಟಣವನ್ನು ಒಂದು ಬೆರಳಿನಿಂದ ನನ್ನ ಕಡೆ ಸರಿಸಿ ಕಿಟಕಿಯತ್ತ ನೋಡಿದರು. ಅವರ ಕಿವಿ ಕೆಂಪಾಗಿತ್ತು.

“ನಿಂಗೆ ಯಾವಾಗ ಗೊತ್ತಾಯ್ತು?”

“ಅವತ್ತೇ. ಹೊರಗೆ ಬಂದಾಗ್ಲೇ.”

“ಐದು ವಾರ,” ಎಂದರು. ಅದು ಪ್ರಶ್ನೆಯಾಗಿರಲಿಲ್ಲ, ಬೈಗುಳವೂ ಅಲ್ಲ. ಆಮೇಲೆ ಎದ್ದು, “ಅವಳಿಗೂ ನೀನೇ ಹೇಳ್ಬೇಕು. ನಾನು ಹೇಳಿದ್ರೆ ತಪ್ಪಿಸಿಕೊಳ್ಳಿಕ್ಕೆ ಕತೆ ಕಟ್ತಾರೆ ಅಂತಾಳೆ,” ಎಂದರು.

ಆಂಟಿ ಅಡುಗೆಮನೆಯಲ್ಲಿ ಬಸಳೆ ಹೆಚ್ಚುತ್ತಿದ್ದರು. ಹೇಳಿದೆ. ಎರಡನೆಯ ಸಲ ಸುಲಭವಾಗಲಿಲ್ಲ. ಅವರು ಮೊದಲು ನಕ್ಕುಬಿಟ್ಟರು. “ಅಯ್ಯೋ, ಅಷ್ಟಕ್ಕೇಯಾ? ನನ್ನ ಹತ್ರ ಹೇಳ್ಲಿಕ್ಕೆ ಎಂತ? ನಾನೇನು ಗಂಡಸಾ?” ಎಂದರು. ಆಮೇಲೆ ಕತ್ತಿ ಕೆಳಗಿಟ್ಟರು. ನಗು ನಿಂತಿತ್ತು.

“ಅವರು ಆ ಪುಸ್ತಕ ಹಿಡ್ಕೊಂಡು ಕೂತದ್ದು ನೀನು ದಿನಾ ನೋಡ್ತಿದ್ದಿ.”

“ಹೌದು ಆಂಟಿ.”

“ನಾನು ಅವರಿಗೆ ಎಷ್ಟು ಹೇಳಿದೆ. ಬಾಯಿಗೆ ಬಂದ ಹಾಗೆ ಹೇಳಿದೆ.”

ಅವರು ನನ್ನನ್ನು ಕ್ಷಮಿಸುತ್ತೇನೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಅಷ್ಟು ದಿನ ನಾನು ಕಾಪಾಡಿಕೊಂಡಿದ್ದ ಮರ್ಯಾದೆ ಅವರಿಗೆ ಒಂದು ಕ್ಷಣದ ನಗುವಿನಷ್ಟೇ ಆಗಿತ್ತು. ಅದರ ಬೆಲೆ ತೆತ್ತವರು ಪಕ್ಕದ ಕೋಣೆಯಲ್ಲಿದ್ದರು. ಬಸಳೆಯನ್ನು ಪಾತ್ರೆಗೆ ಹಾಕುತ್ತ ಆಂಟಿ, “ಪೆಟ್ಟಿಗೆ ಕಟ್ಟಿದವಳು ನೀನಲ್ವಾ? ಹೋಗು, ಬಿಚ್ಚು. ಸಂಘದವರಿಗೆ ನಾನು ಫೋನ್ ಮಾಡ್ತೇನೆ. ಆ ಬೆಸುಗೆ ಕಡ್ಡಿ ಮಾತ್ರ ನನ್ನ ಹತ್ರ ಇರ್ತದೆ, ಅದಕ್ಕೆ ನೀನು ಕಾರಣ ಅಲ್ಲ,” ಎಂದರು.

ಶನಿವಾರ ಬೆಳಿಗ್ಗೆ ನಾನೂ ಅಂಕಲೂ ಗರಾಜ್‌ನಲ್ಲಿ ಏಳೂ ಪೆಟ್ಟಿಗೆ ಬಿಚ್ಚಿದೆವು. ನಾನು ಒಂದೊಂದೇ ತೆಗೆದು ಕೊಡುವುದು, ಅವರು ನೋಡದೆಯೇ ಕೈ ಚಾಚಿ ಅದರ ಕೊಕ್ಕೆಗೆ ಹಾಕುವುದು. ಮೊದಲ ಮೂರು ಪೆಟ್ಟಿಗೆ ಹಾಗೇ ಸರಾಗವಾಗಿ ಹೋಯಿತು. ನಾಲ್ಕನೆಯದರಲ್ಲಿ ಉದ್ದ ಮೂತಿಯ ಇಕ್ಕಳವೊಂದು ಬಂತು. ಅವರು ಕೈ ಎತ್ತಿ, ಅರ್ಧದಲ್ಲಿ ನಿಲ್ಲಿಸಿದರು.

ಗೋಡೆಯ ಮೇಲೆ ಹತ್ತಾರು ಖಾಲಿ ಕೊಕ್ಕೆಗಳಿದ್ದವು. ಅವರು ಇಕ್ಕಳವನ್ನು ನೋಡಿದರು, ಗೋಡೆಯನ್ನು ನೋಡಿದರು. ನಾನು ಚೀಟಿ ನೋಡಿದೆ. ಅದರಲ್ಲಿ ಇಕ್ಕಳ ಎಂದಷ್ಟೇ ಬರೆದಿದ್ದೆ, ಎಲ್ಲಿ ತೂಗುತ್ತಿತ್ತೆಂದು ಬರೆದುಕೊಳ್ಳಬೇಕೆಂದು ಹೊಳೆದಿರಲಿಲ್ಲ. ಅಷ್ಟು ಉಪಕರಣಗಳಿದ್ದರೆ ಯಾರಾದರೂ ತಡವರಿಸಿಯಾರು. ಆದರೆ ಮೊದಲಾಗಿದ್ದರೆ ಅವರು ಬೈದುಕೊಂಡೋ ನಗುತ್ತಲೋ ಎಲ್ಲೋ ಒಂದು ಕಡೆ ಹಾಕಿಬಿಡುತ್ತಿದ್ದರು. ಈಗ ನಿಂತೇ ಇದ್ದರು. ತಮ್ಮನ್ನು ತಾವೇ ಪರೀಕ್ಷೆ ಮಾಡಿಕೊಳ್ಳುತ್ತಿರುವುದು ಕಾಣುತ್ತಿತ್ತು.

“ಎಲ್ಲಿಟ್ರೂ ಆಗುತ್ತಲ್ವಾ ಅಂಕಲ್,” ಎಂದೆ.

“ಆಗ್ತದೆ,” ಎಂದರು. ಆದರೂ ಹಾಕಲಿಲ್ಲ. ಇಕ್ಕಳವನ್ನು ಮೇಜಿನ ಮೇಲಿಟ್ಟು, “ಇದು ಆಮೇಲೆ ನೋಡುವ. ಮುಂದಿನದು ಕೊಡು,” ಎಂದು ಕೈ ಚಾಚಿದರು. ನಾನು ಕೊಟ್ಟೆ.