ನಾನು ರುಚಿ ನೋಡಿದ ಬಾಣಂತಿ ಊಟ

ಮಲೇಷ್ಯಾದಲ್ಲಿ ನನ್ನೊಡನಿರುವ ಹೆಂಡತಿಗೂ ಮೈಸೂರಿನಲ್ಲಿರುವ ಅವಳ ತಂಗಿಗೂ ಒಂದೇ ತಿಂಗಳಲ್ಲಿ ಹೆರಿಗೆ ಎಂದು ಗೊತ್ತಾದಾಗ ಮೊದಲು ಎಲ್ಲರೂ ನಕ್ಕೆವು. ತಂಗಿಯ ಹೊಟ್ಟೆಯಲ್ಲಿರುವುದು ಅವಳಿ ಮಕ್ಕಳು ಎಂದು ತಿಳಿದ ಮೇಲೆ ನಗು ನಿಂತಿತು. ಅವರಮ್ಮ, ಅಂದರೆ ನನ್ನ ಅತ್ತೆ, ಒಬ್ಬರೇ ಎರಡು ದೇಶಗಳಲ್ಲಿ ಬಾಣಂತನ ಮಾಡುವುದು ಹೇಗೆ? ನನ್ನ ಅಮ್ಮ ತೀರಿಕೊಂಡು ವರ್ಷಗಳಾಗಿವೆ. ಹೆಂಡತಿಯೇ ಫೋನು ಮಾಡಿ, "ನೀನು ಅವಳ ಹತ್ರಾನೇ ಇರಮ್ಮ, ನಾವಿಲ್ಲಿ ಮ್ಯಾನೇಜ್ ಮಾಡ್ಕೋತೀವಿ" ಎಂದಳು. ದನಿ ಸಹಜವಾಗಿಯೇ ಇತ್ತು. ಫೋನಿಟ್ಟವಳು ಮಡಿಸಿಟ್ಟಿದ್ದ ಬಟ್ಟೆಗಳನ್ನೆಲ್ಲ ಬಿಡಿಸಿ ಮತ್ತೆ ಮಡಿಸತೊಡಗಿದಳು.

ಮ್ಯಾನೇಜ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮಲೇಷ್ಯಾದಲ್ಲಿ ಇದಕ್ಕೇನೂ ಬರವಿಲ್ಲ. ಚೀನೀಯರು, ಮಲಯ್ ಜನ, ತಮಿಳರು ಎಲ್ಲರಲ್ಲೂ ಬಾಣಂತನವಿದೆ. ಬಾಣಂತಿ ಊಟವನ್ನು ಬಿಸಿಬಿಸಿಯಾಗಿ ಮನೆ ಬಾಗಿಲಿಗೆ ತಂದುಕೊಡುವವರೂ ಇದ್ದಾರೆ. ಮೊದಲೇ ಒಂದು ಊಟ ತರಿಸಿ ರುಚಿ ನೋಡಬಹುದು. ಆದರೆ ಬಸುರಿ ಆ ಉಷ್ಣದ ಊಟವನ್ನು ಬಾಯಿಗಿಡಕೂಡದೆಂದು ಅತ್ತೆ ತಾಕೀತು ಮಾಡಿದ್ದರು. ಹಾಗಾಗಿ ಬಾಣಂತಿ ಊಟದ ರುಚಿ ನೋಡುವ ಭಾಗ್ಯ ನನ್ನದಾಯಿತು. ನನ್ನ ನಾಲಿಗೆಯ ಬಗ್ಗೆ ನನಗೆ ಮೊದಲಿನಿಂದಲೂ ತುಸು ಜಂಬ. ಸಾರಿನಲ್ಲಿ ಒಂದು ಹರಳು ಉಪ್ಪು ಹೆಚ್ಚಾದರೂ ಹೇಳಬಲ್ಲೆ. ಈ ಕೆಲಸಕ್ಕೆ ನನಗಿಂತ ತಕ್ಕವನಿಲ್ಲ ಎಂದುಕೊಂಡೆ.

ಇಂಥ ಊಟ ಮಾಡಿಕೊಡುವ ಮಲಯ್ ಮಹಿಳೆಯೊಬ್ಬರು, ಮೀನೇ ತಿನ್ನದ ಬಾಣಂತಿಗೆ ಏನು ಕೊಡಲಿ ಎಂದು ಫೋನಿನಲ್ಲೇ ನಕ್ಕು ಕೈ ಎತ್ತಿಬಿಟ್ಟರು. ಉಳಿದದ್ದು ಎರಡು. ಹೆಂಡತಿಗೆ ವಾಸನೆಗೆ ಆಸೆಯಾದೀತೆಂದು ಡಬ್ಬಿಗಳನ್ನು ಕ್ಲಾಂಗ್ ಬಂದರಿನ ನನ್ನ ಆಫೀಸಿಗೇ ತರಿಸಿದೆ. ಮೊದಲು ಬಂದದ್ದು ಸುಬಾಂಗ್ ಜಯಾದ ಚೀನೀ ಸಸ್ಯಾಹಾರಿ ಅಡುಗೆಮನೆಯದು. ಎಳ್ಳೆಣ್ಣೆಯಲ್ಲಿ ಹುರಿದ ಶುಂಠಿ, ತೋಫು, ಅಣಬೆ, ಜೊತೆಗೆ ಕೆಂಪು ಖರ್ಜೂರದ ಸಿಹಿ ಕಷಾಯ. ಎರಡನೇ ತುತ್ತಿಗೆ ನಾನು ಯಾಕೆ ತಿನ್ನುತ್ತಿದ್ದೇನೆಂಬುದೇ ಮರೆತುಹೋಯಿತು. ಪಕ್ಕದ ಮೇಜಿನ ಚೀನೀ ಗೆಳೆಯ ಡಬ್ಬಿಯ ಗುರುತು ಹಿಡಿದು, "ಕಂಗ್ರಾಟ್ಸ್ ಲಾ! ನಾರ್ಮಲ್ ಆರ್ ಸಿಸೇರಿಯನ್?" ಎಂದು ಇಲ್ಲಿನವರ ವಾಡಿಕೆಯ 'ಲಾ' ಹಚ್ಚಿ ನನ್ನನ್ನು ಕೇಳಿದ. ಸುತ್ತಲಿದ್ದವರೆಲ್ಲ ನಕ್ಕರು.

ಎರಡನೆಯದು ಬ್ರಿಕ್‌ಫೀಲ್ಡ್ಸ್‌ನ ತಮಿಳು ಆಂಟಿಯೊಬ್ಬರದು. ಅನ್ನದ ಪಕ್ಕದಲ್ಲಿ ಕರ್ರಗಿನ ಒಂದು ಗೊಜ್ಜು: ಕಾಳುಮೆಣಸು, ಒಣಶುಂಠಿ, ಹಿಪ್ಪಲಿ, ಇಡಿಇಡೀ ಬೆಳ್ಳುಳ್ಳಿ. ಹುಳಿಯಿಲ್ಲ, ಉಪ್ಪು ಇದ್ದೂ ಇಲ್ಲದ ಹಾಗೆ. ಒಂದು ತುತ್ತಿಗೇ ಕಿವಿ ಬಿಸಿಯಾಯಿತು. ಫೋನು ಮಾಡಿ, ಮೆಣಸು ಕಡಿಮೆ ಮಾಡಿ ರುಚಿಗೊಂದಿಷ್ಟು ಹುಳಿ ಹಾಕಬಹುದೇ ಎಂದು ವಿನಯದಿಂದಲೇ ಕೇಳಿದೆ. ಆಕೆ ತಮಿಳಿನಲ್ಲಿ ಝಾಡಿಸಿದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, "ತಂಬಿ, ಹೆರೋದು ನಿನ್ ಹೆಂಡ್ತಿನಾ, ನೀನಾ? ರುಚಿ ಬೇಕಿದ್ರೆ ಮಾಮಕ್ ಹೋಟ್ಲಲ್ಲಿ ರೋಟಿ ತಪಾವ್ ಮಾಡಿಸ್ಕೊ, ಕಟ್ಟಿಸ್ಕೊಂಡ್ ಹೋಗಿ ತಿನ್ನು ಲಾ!" ಫೋನು ಕಟ್. ಇಷ್ಟು ಬಾಯಿಜೋರಿನ ಹೆಂಗಸಿನ ಕೈಗೆ ಹೆಂಡತಿಯನ್ನು ಒಪ್ಪಿಸುವುದುಂಟೇ? ಸುಬಾಂಗ್ ಜಯಾದವರನ್ನೇ ಗೊತ್ತುಮಾಡಿದೆ.

ಮಗಳು ಹುಟ್ಟಿದಳು. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಹೆಂಡತಿ ಪ್ರತಿಸಲವೂ "ಚೆನ್ನಾಗಿದೆ" ಎನ್ನುವಳು, ಅರ್ಧ ತಿಂದು ಮುಚ್ಚಿಡುವಳು. ಉಳಿದದ್ದನ್ನು ನಾನು ಸಂತೋಷದಿಂದ ಮುಗಿಸುತ್ತಿದ್ದೆ. ಹೀಗೆ ನಾನು ಮೈ ತುಂಬಿಕೊಂಡೆ, ಬಾಣಂತಿ ಬಾಡಿದಳು.

ಒಂದು ಮಧ್ಯಾಹ್ನ ಅತ್ತೆ ವಿಡಿಯೋ ಕಾಲ್ ಮಾಡಿದರು. ಅವಳಿಗಳಲ್ಲಿ ಒಂದು ಅವರ ತೊಡೆಯ ಮೇಲಿತ್ತು, ಇನ್ನೊಂದು ಹಿಂದೆಲ್ಲೋ ಅಳುತ್ತಿತ್ತು.

"ಊಟ ಹೇಗಿದೆಯೇ?"

"ತುಂಬಾ ಚೆನ್ನಾಗಿದೆ ಅಮ್ಮ."

"ಸದ್ಯ, ನಂಗೆ ಅದೊಂದೇ ಯೋಚ್ನೆ ಇತ್ತು ನೋಡು" ಎಂದು ಅತ್ತೆ ನಿಶ್ಚಿಂತೆಯಿಂದ ಫೋನಿಟ್ಟರು.

ಹೆಂಡತಿ ಬಿಕ್ಕಿಬಿಕ್ಕಿ ಅಳತೊಡಗಿದಳು. ಎಲ್ಲಿ ನೋವು ಎಂದು ನಾನು ಗಾಬರಿಯಿಂದ ಕೇಳಿದರೆ ಅವಳು ಹೇಳಿದ್ದೇ ಬೇರೆ.

"ಬಾಣಂತಿ ಊಟ ಎಲ್ಲಾದ್ರೂ ಚೆನ್ನಾಗಿರತ್ತೇನ್ರೀ? ಚೆನ್ನಾಗಿದೆ ಅಂದಾಗ್ಲೇ ಅಮ್ಮಂಗೆ ಗೊತ್ತಾಗ್ಬೇಕಿತ್ತು. ಚಿಕ್ಕಮ್ಮನ ಬಾಣಂತನದಲ್ಲಿ ಅಮ್ಮ ಎದುರಿಗೇ ಕೂತು ಬೈದು ಬೈದು ತಿನ್ನಿಸ್ತಿದ್ಲು. ಈಗ ತಂಗೀಗೂ ಬೈತಿರ್ತಾಳೆ. ನಂಗ್ಯಾರು ಬೈತಾರೆ?"

ನಾನೇ ಬೈಯೋಣವೆಂದರೆ ಅದು ಜಗಳವಾದೀತೇ ಹೊರತು ಬಾಣಂತನವಾಗದು. ಈ ಊರಿನಲ್ಲಿ ಹಾಗೆ ಬೈಯಬಲ್ಲವರು ನನಗೆ ಗೊತ್ತಿದ್ದದ್ದು ಒಬ್ಬರೇ.

ಬ್ರಿಕ್‌ಫೀಲ್ಡ್ಸ್‌ನ ಆಂಟಿ ನನ್ನನ್ನು ಮರೆತಿರಲಿಲ್ಲ. "ಓ, ಹುಳಿ ತಂಬಿ!" ಎಂದರು. ಬಾಣಂತಿ ಫ್ಯಾನಿನ ಕೆಳಗೆ ಕೂರುತ್ತಾಳೆಯೇ, ತಣ್ಣೀರು ಕುಡಿಯುತ್ತಾಳೆಯೇ ಎಂದು ವಿಚಾರಿಸಿ, ಪ್ರತಿ ಉತ್ತರಕ್ಕೂ ನನ್ನನ್ನೇ ಬೈದರು. ಮರುದಿನ ಕರಿ ಗೊಜ್ಜು ಬಂತು. ಅದರ ಹಿಂದೆಯೇ ಆಕೆಯ ವಿಡಿಯೋ ಕಾಲ್ ಕೂಡ ಬಂತು: "ಡಬ್ಬಿ ತೋರ್ಸಮ್ಮ. ಆ ಬೆಳ್ಳುಳ್ಳಿ ಯಾರಿಗೆ ಮಿಗಿಸಿದ್ದೀಯ, ಗಂಡನಿಗಾ? ಅವನೇನು ಹೆತ್ತಿದ್ದಾನಾ?" ಹೆಂಡತಿಗೆ ತಮಿಳು ಅರ್ಧಂಬರ್ಧ ಬರುತ್ತಿತ್ತು, ಬೈಗುಳ ಮಾತ್ರ ಪೂರ್ತಿ ಅರ್ಥವಾಯಿತು. ಬೆವರು ಒರೆಸಿಕೊಳ್ಳುತ್ತ, ನಗುತ್ತ ಬೆಳ್ಳುಳ್ಳಿ ನುಂಗಿದಳು.

ಆ ವಾರವೇ ಅತ್ತೆ ಮತ್ತೆ ಫೋನು ಮಾಡಿದರು. ಹೆಂಡತಿಯ ಮುಂದೆ ಡಬ್ಬಿ ತೆರೆದಿತ್ತು.

"ಇವತ್ತಿನ ಊಟ ಹೇಗಿದೆ?"

"ಥೂ, ಬಾಯಿಗಿಡಕ್ಕಾಗಲ್ಲ ಅಮ್ಮ. ಬರೀ ಮೆಣಸು. ನಂಗೆ ಬೇಡ."

ಅತ್ತೆ ಫೋನಿಗೆ ಮುಖ ಅಂಟಿಸಿ ಡಬ್ಬಿಯೊಳಗೆ ಇಣುಕಿದರು. ಕರಿ ಗೊಜ್ಜನ್ನು ಕಂಡರು, ಮಗಳ ಮುಖವನ್ನೂ ಕಂಡರು.

"ಬೇಡ ಅಂದ್ರೆ ಬಿಡೋರ್ಯಾರು? ಏನ್ ಕೊಬ್ಬೇ ನಿಂಗೆ! ಒಂದಗುಳು ಬಿಡ್ದಂಗೆ ತಿನ್ಬೇಕು. ನಾನಿಲ್ಲೇ ಕೂತಿರ್ತೀನಿ, ತಿನ್ನು."

ಅತ್ತ ಅವಳಿಗಳೆರಡೂ ಒಟ್ಟಿಗೆ ಅಳತೊಡಗಿದವು. "ರೀ, ಸ್ವಲ್ಪ ಮಕ್ಕಳನ್ನ ಎತ್ಕೊಳಿ, ನನ್ನ ದೊಡ್ಡ ಮಗಳು ಊಟ ಮಾಡ್ತಿದ್ದಾಳೆ" ಎಂದು ಅತ್ತೆ ಒಳಗಿದ್ದ ಮಾವನಿಗೆ ಕೂಗಿ ಹೇಳಿದರು. ಡಬ್ಬಿ ಖಾಲಿಯಾಗುವವರೆಗೆ ಅವರು ಕೂತಲ್ಲಿಂದ ಏಳಲಿಲ್ಲ.