ಹನ್ನೊಂದನೆಯ ಸಾಲಿನ ಪದ

ಬೆಳಗಿನ ಆರೂಕಾಲು. ಶೆಡ್ಡಿನ ಬಾಗಿಲಿನಿಂದ ಬಿಸಿಲು ಓರೆಯಾಗಿ ಕಪ್ಪು ಚಪ್ಪಡಿಯ ಮೇಲೆ ಬೀಳುತ್ತಿದೆ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡ ಐವತ್ತೆರಡರ ಹೆಂಗಸೊಬ್ಬರು ಮಂಡಿಯೂರಿ ಉಳಿ ಹಿಡಿದಿದ್ದಾರೆ. ಮೂರು ಸಣ್ಣ ಪೆಟ್ಟು, ಬ್ರಷ್ಷಿನಿಂದ ಒಮ್ಮೆ ಧೂಳು ಒರೆಸುವುದು, ಮತ್ತೆ ಮೂರು ಪೆಟ್ಟು.

"ಬಿಸಿಲು ನೆತ್ತಿಗೆ ಬಂದ್ರೆ ಆಳ ಗೊತ್ತಾಗಲ್ಲ. ಈ ಹೊತ್ತಲ್ಲಿ ಅಕ್ಷರಾನೇ ನೆರಳು ಹಾಕಿ ತೋರಿಸುತ್ತೆ, ಎಲ್ಲಿ ಕೈ ಮೋಸ ಮಾಡಿದೆ ಅಂತ," ಎನ್ನುತ್ತಾರೆ.

ಬೀದಿಯವರಿಗೆ ಇವರು 'ಅಕ್ಷರದಕ್ಕ'. ದಿನಕ್ಕೆ ಮೂವತ್ತು ಅಕ್ಷರ. ಒತ್ತಕ್ಷರ ಜಾಸ್ತಿಯಿದ್ದರೆ ಇಪ್ಪತ್ತೈದು. ಕೆಲಸ ಕಲಿಸಿದವರು ಮಾವ. ಮೊದಲ ವರ್ಷ ಇವರು ಯಾರದೋ ಸಮಾಧಿಗೆ 'ತಂದೆ' ಎಂದು ಕೊರೆಯುವ ಬದಲು 'ತಂದ' ಎಂದು ಕೊರೆದುಬಿಟ್ಟರಂತೆ. "ಕಾಗದದ ತಪ್ಪಿಗೆ ರಬ್ಬರ್ ಇದೆ, ಕಲ್ಲಿನ ತಪ್ಪಿಗೆ ಹಿತ್ತಲೇ ಗತಿ, ಅಂದ್ರು ಮಾವ. ಇವತ್ತಿಗೂ ಅದರ ಮೇಲೇ ಬಟ್ಟೆ ಒಗೀತೀನಿ."

"ಏನು ತಂದ ಅಂತ ಮಾತ್ರ ಇನ್ನೂ ಗೊತ್ತಾಗಿಲ್ಲ," ಎಂದು ಮೂಲೆಯಲ್ಲಿ ಕಲ್ಲಿಗೆ ಪಾಲಿಶ್ ಮಾಡುತ್ತಿರುವ ನಾದಿನಿ ಸೇರಿಸುತ್ತಾರೆ.

ಎದೆಯಲ್ಲಿ ಕಲ್ಲಿನ ಧೂಳು ಕೂತು ಗಂಡ ತೀರಿಕೊಂಡಾಗ ಮಗನಿಗೆ ಒಂಬತ್ತು ವರ್ಷ. ಉಳಿ ಅವನಿಗೆ ಒಗ್ಗಲಿಲ್ಲ. ಅವನು ಸೇನೆ ಸೇರಿ, ಕಡಲಾಚೆಯ ಶಾಂತಿಪಡೆಯ ಶಿಬಿರವೊಂದರಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಹದಿನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ರಸ್ತೆಯ ಅಂಚು ಕುಸಿದು ಟ್ಯಾಂಕರ್ ಉರುಳಿತು. ಆಗ ಅವನಿಗೆ ಇಪ್ಪತ್ಮೂರು. ಅಂದು ಅಲ್ಲಿ ಯಾರೂ ಗುಂಡು ಹಾರಿಸಿರಲಿಲ್ಲ.

ಸೈನಿಕರ ಸ್ಮಾರಕದ ಚಪ್ಪಡಿ ಈ ಶೆಡ್ಡಿಗೇ ಬಂತು. ಹನ್ನೊಂದು ಸಾಲು, ಪ್ರತಿ ಸಾಲಿಗೆ ಹೆಸರು, ವಯಸ್ಸು, ಕೊನೆಗೆ 'ವೀರಮರಣ'. ಹತ್ತನ್ನು ಇವರು ಕೊರೆದು ಮುಗಿಸಿದರು. ಹನ್ನೊಂದನೆಯದು ಮಗನದು. ಅಲ್ಲಿ ಹೆಸರು, ವಯಸ್ಸು ಬಂದವು. ಪದದ ಜಾಗ ಐದು ತಿಂಗಳು ಖಾಲಿ ಉಳಿಯಿತು.

ಸ್ಮಾರಕ ಸಮಿತಿಯ ಕಾರ್ಯದರ್ಶಿ ಒಳ್ಳೆಯ ಮನುಷ್ಯ. "ನಿಮ್ಮ ಮಗನಿಗೆ ಒಂದು ಪದ ಕಡಿಮೆ ಮಾಡೋಕೆ ನಮಗೆ ಮನಸ್ಸಿಲ್ಲಮ್ಮ, ಅದನ್ನೇ ಹಾಕಿ," ಎಂದರು. ನಾದಿನಿಯದೂ ಅದೇ ಹಟ: "ಎಲ್ಲರ ಸಾಲಲ್ಲೂ ಇರೋದು ನಮ್ಮ ಹುಡುಗನಿಗೆ ಯಾಕೆ ಬೇಡ? ಹೆತ್ತೋಳೇ ಹಿಂಗಂದ್ರೆ ಹೆಂಗೆ ಅತ್ತಿಗೆ?" ಎಂಟು ದಿನ ಇಬ್ಬರ ನಡುವೆ ಮಾತಿರಲಿಲ್ಲ. ನಾದಿನಿಯೇ ಅನ್ನ ಬಡಿಸುತ್ತಿದ್ದರು, ತಟ್ಟೆಯನ್ನು ಮಾತ್ರ ಕುಕ್ಕುತ್ತಿದ್ದರು.

ಆ ಪದ ಬೇಡವೆನ್ನಲು ಅಕ್ಷರದಕ್ಕನಿಗೆ ಕಾರಣ ಬೇರೆಯೇ ಇತ್ತು. ಮಗನ ಜೊತೆಗಾರನೊಬ್ಬ ರಜೆಯಲ್ಲಿ ಬಂದು ಅಡುಗೆಮನೆಯಲ್ಲಿ ಕೂತು ಹೇಳಿ ಹೋಗಿದ್ದ: "ಅವನ ಗಾಡಿ ಬರೋವರೆಗೂ ನಾವ್ಯಾರೂ ಮುಖ ತೊಳೀತಿರಲಿಲ್ಲಮ್ಮ. ನೂರ ಎಂಬತ್ತು ಜನ ಡಬ್ಬ ಹಿಡ್ಕೊಂಡು ದಾರಿ ಕಾಯ್ತಿದ್ವಿ."

"ನಾಳೆ ಆ ಹುಡುಗ್ರು ಬಂದು ಕಲ್ಲು ಓದ್ತಾರೆ," ಎನ್ನುತ್ತಾರೆ ಅಕ್ಷರದಕ್ಕ. "ಇಲ್ಲದ್ದು ಬರೆದ್ರೆ, ಇವನ್ಯಾರೋ ಬೇರೆ ಅಂದ್ಕೊಂಡು ಮುಂದಕ್ಕೆ ಹೋಗ್ತಾರೆ. ಅಪಘಾತ ಅಂತ ಬರೆದ್ರೆ ಅದು ರಸ್ತೆ ಮಾಡಿದ್ದು, ಅವನು ಮಾಡಿದ್ದಲ್ಲ. ಅವನು ಮಾಡ್ತಿದ್ದ ಕೆಲಸ ಇದ್ರೆ ಸಾಕು."

ಹಾಗೆಂದು ಸಮಿತಿಗೆ ಕಾಗದ ಬರೆದರು. ಎರಡು ಸಭೆ ದಾಟಿ ಕಳೆದ ವಾರ ಒಪ್ಪಿಗೆ ಬಂತು. ಬರುವ ಭಾನುವಾರ ಕಲ್ಲು ಚೌಕದಲ್ಲಿ ನಿಲ್ಲಬೇಕು.

ಏಳೂವರೆಗೆ ಉಳಿ ಕೆಳಗಿಳಿಯುತ್ತದೆ. ಐದಕ್ಷರದ ಜಾಗದಲ್ಲಿ ಆರನ್ನು ಒತ್ತಿ ಕೂರಿಸಿದ್ದಾರೆ: ನೀರು ಒಯ್ಯುವಾಗ.

ನಾದಿನಿ ಎದ್ದು ಬಂದು, ಸೆರಗಿಗೆ ಕೈ ಒರೆಸಿಕೊಂಡು, ಬೆರಳಿಟ್ಟು ಓದುತ್ತಾರೆ.

"ಅರ್ಧಕ್ಕೇ ನಿಂತಿದೆಯಲ್ಲ, ಅತ್ತಿಗೆ."

"ಅರ್ಧಕ್ಕೇ ನಿಂತಿದ್ದು ತಾನೆ."

ನಾದಿನಿ ಪಾಲಿಶ್ ಬಟ್ಟೆ ತಂದು ಆ ಸಾಲಿನಿಂದಲೇ ಶುರು ಮಾಡುತ್ತಾರೆ. ಭಾನುವಾರ ವೇದಿಕೆಗೆ ಹತ್ತುತ್ತೀರಾ ಎಂದರೆ ಅಕ್ಷರದಕ್ಕ ಇಲ್ಲವೆಂದು ತಲೆಯಾಡಿಸುತ್ತಾರೆ.

"ವೇದಿಕೆ ನನಗ್ಯಾಕೆ? ಕಲ್ಲಿನ ಪಕ್ಕ ನಿಂತ್ಕೋತೀನಿ. ಓದಿದೋರು ಯಾರಾದ್ರೂ, ಯಾರಿಗಮ್ಮ ನೀರು ಒಯ್ತಿದ್ದ ಅಂತ ಕೇಳಿದ್ರೆ ಹೇಳ್ಬೇಕಲ್ಲ, ನೂರ ಎಂಬತ್ತು ಜನಕ್ಕೆ ಅಂತ."